ಭಯ ಬಿತ್ತುವ ಪುಸ್ತಕಗಳೂ ಭಯ ನೀಗುವ ಗ್ರಂಥಗಳೂ

ನಮ್ಮ ಮನೆಗಳ ಕಪಾಟಿನಲ್ಲಿ ಕುರ್‌ಆನ್‌ನ ಪಕ್ಕದಲ್ಲೇ ಸ್ಥಾನ ಗಿಟ್ಟಿಸಿಕೊಂಡಿರುವ ಒಂದು ಬಗೆಯ ಪುಸ್ತಕಗಳ ಕುರಿತು ಕೆಲವು ಮಾತುಗಳನ್ನು ನೇರವಾಗಿ ಹೇಳಬೇಕಾಗಿದೆ. ಉರೂಸಿನ ಅಂಗಡಿಗಳಲ್ಲಿ, ಬಸ್ ನಿಲ್ದಾಣದ ಬಳಿಯ ಗೂಡಂಗಡಿಗಳಲ್ಲಿ, ಅತ್ತರು ಮತ್ತು ತಸ್ಬೀಹ್ ಮಾಲೆಗಳ ನಡುವೆ ಅವು ಮಾರಾಟವಾಗುತ್ತವೆ. ಮುಖಪುಟದ ಮೇಲೆ ಬೆಂಕಿಯ ಜ್ವಾಲೆ, ತೆರೆದ ಗೋರಿ, ಕೆಂಪು ಕಣ್ಣುಗಳ ಕರಿಯ ಆಕೃತಿ. ಒಳಗೆ ಜಿನ್ನ್‌ಗಳ ಕಥೆಗಳು, ಮಾಟ ತಗುಲಿದ್ದರ ಲಕ್ಷಣಗಳ ಪಟ್ಟಿ, ಹಾವು ಸುತ್ತಿಕೊಂಡ ಶವದ ವೃತ್ತಾಂತ. ಇದೇ ಸರಕು ಈಗ ಪಿಡಿಎಫ್ ಆಗಿ, ವಿಡಿಯೋ ಆಗಿ ಮೊಬೈಲಿನೊಳಗೂ ಬಂದು ಕುಳಿತಿದೆ. ಭಯವನ್ನೂ ಕತ್ತಲೆಯನ್ನೂ ಎದುರಿಸುವ ದಾರಿ ತೋರಿಸುತ್ತೇವೆಂದು ಇವೆಲ್ಲವೂ ಹೇಳಿಕೊಳ್ಳುತ್ತವೆ. ಆದರೆ ಇವುಗಳನ್ನು ಓದಿದವನು ಭಯವನ್ನು ಎದುರಿಸಲು ಕಲಿಯುವುದಿಲ್ಲ, ಭಯದೊಂದಿಗೇ ಬದುಕಲು ಒಗ್ಗಿಕೊಳ್ಳುತ್ತಾನೆ. ಭಯವನ್ನು ನಿಜವಾಗಿ ನೀಗಿಸುವ ಗ್ರಂಥಗಳು ನಮ್ಮದೇ ಪರಂಪರೆಯಲ್ಲಿ ಸಾವಿರ ವರ್ಷಗಳಿಂದ ಇವೆ. ಅವುಗಳ ಹೆಸರನ್ನೂ ಕೇಳದೆ ನಮ್ಮ ಮಕ್ಕಳು ಬೆಳೆಯುತ್ತಿದ್ದಾರೆ.

ಆರಂಭದಲ್ಲಿಯೇ ಒಂದು ಸ್ಪಷ್ಟನೆ. ಜಿನ್ನ್‌ಗಳ ಅಸ್ತಿತ್ವವನ್ನಾಗಲಿ, ಕಬ್ರಿನ ವಿಚಾರಣೆಯನ್ನಾಗಲಿ, ನರಕದ ಶಿಕ್ಷೆಯನ್ನಾಗಲಿ ಈ ಬರಹ ನಿರಾಕರಿಸುವುದಿಲ್ಲ. ಅವು ಕುರ್‌ಆನ್ ಮತ್ತು ಪ್ರಬಲ ಹದೀಸ್‌ಗಳಿಂದ ಸ್ಥಿರಪಟ್ಟ ವಿಷಯಗಳು. ಪ್ರಶ್ನೆ ಇರುವುದು ಆ ವಿಷಯಗಳನ್ನು ಬಂಡವಾಳ ಮಾಡಿಕೊಂಡವರ ಕುರಿತು.

ಇಂತಹ ಸಾಹಿತ್ಯದ ಅತಿ ಹಳೆಯ ಮಾದರಿಯೊಂದು ನಿಮಗೆಲ್ಲ ಪರಿಚಿತ. ಮದೀನಾದ ಪವಿತ್ರ ರೌಝಾದ ಸೇವಕರಾದ ಶೇಖ್ ಅಹ್ಮದ್ ಎಂಬವರಿಗೆ ಕನಸು ಬಿತ್ತೆಂದೂ, ಲೋಕಾಂತ್ಯ ಸಮೀಪಿಸಿದೆಯೆಂದೂ, ಈ ಪತ್ರದ ಇಷ್ಟು ಪ್ರತಿಗಳನ್ನು ಹಂಚಿದವನಿಗೆ ಐಶ್ವರ್ಯ, ಹಂಚದವನಿಗೆ ವಿಪತ್ತು ಎಂದೂ ಸಾರುವ ವಸಿಯ್ಯತ್‌ನಾಮೆ ಅದು. ನೂರು ವರ್ಷಗಳಿಗೂ ಹೆಚ್ಚು ಕಾಲದಿಂದ ಅದು ದೇಶದಿಂದ ದೇಶಕ್ಕೆ ಅಲೆಯುತ್ತಿದೆ. ಈಜಿಪ್ಟಿನ ವಿದ್ವಾಂಸ ರಶೀದ್ ರಿದಾ ತಮ್ಮ ‘ಅಲ್ ಮನಾರ್’ ಪತ್ರಿಕೆಯಲ್ಲಿ ಅದನ್ನು ಖಂಡಿಸಿದರು. ಸೌದಿ ಅರೇಬಿಯದ ಮುಫ್ತಿಯಾಗಿದ್ದ ಇಬ್ನ್ ಬಾಝ್ ಅದು ಹಸಿ ಸುಳ್ಳೆಂದು ಪ್ರತ್ಯೇಕ ಬರಹವನ್ನೇ ಬರೆದರು. ಆದರೂ ಅದು ಸತ್ತಿಲ್ಲ. ಹಿಂದೆ ಮುದ್ರಣಾಲಯಕ್ಕೆ ಹಣ ತೆತ್ತು ಅಚ್ಚು ಹಾಕಿಸಬೇಕಿತ್ತು, ಇಂದು ಬೆರಳೊಂದು ಸಾಕು. ಅದನ್ನು ಮುಂದೆ ಕಳುಹಿಸುವ ನಮ್ಮ ಸಹೋದರಿಯನ್ನು ಕೇಳಿ ನೋಡಿ. ಅದು ಸತ್ಯವೆಂಬ ವಿಶ್ವಾಸ ಆಕೆಗೂ ಪೂರ್ತಿಯಾಗಿಲ್ಲ. ಕಳುಹಿಸದಿದ್ದರೆ ಮಗುವಿಗೇನಾದರೂ ಆದೀತೇ ಎಂಬ ಅಳುಕು ಮಾತ್ರ ಇದೆ. ಅಲ್ಲಾಹನ ಹೆಸರಿನಲ್ಲಿ ಆರಂಭವಾಗುವ ಆ ಪತ್ರ ಕೊನೆಗೆ ಆಕೆಯಲ್ಲಿ ಬಿತ್ತುವುದು ಒಂದು ಕಾಗದದ ಭಯವನ್ನು. ತೌಹೀದ್‌ನ ಅನುಯಾಯಿಗಳಾದ ನಮಗೆ ಇದಕ್ಕಿಂತ ದೊಡ್ಡ ಅವಮಾನ ಬೇಕೇ?

ಇದರ ಬೆಲೆಯನ್ನು ಮೊದಲು ತೆರುವವರು ಮಕ್ಕಳು. ಮದ್ರಸದಲ್ಲಿ ಪಾಠ ಹೇಳುವ ನನ್ನಂಥವರಿಗೆ ಇದು ಪ್ರತಿದಿನದ ಅನುಭವ. ಐದನೆಯ ತರಗತಿಯ ಹುಡುಗ ರಾತ್ರಿ ಒಬ್ಬನೇ ಬಚ್ಚಲಿಗೆ ಹೋಗಲಾರ. ಇಷ್ಟೆಲ್ಲ ಶಿಕ್ಷೆ ಕೊಡುವ ಅಲ್ಲಾಹನು ನಮ್ಮನ್ನು ಪ್ರೀತಿಸುತ್ತಾನೆಯೇ ಎಂದು ಹುಡುಗಿಯೊಬ್ಬಳು ಅಳುಕುತ್ತಾ ಕೇಳುತ್ತಾಳೆ. ಪ್ರತಿ ಅಧ್ಯಾಯದ ಆರಂಭದಲ್ಲಿ ಅಲ್ಲಾಹನ ಕಾರುಣ್ಯವನ್ನು ಉಚ್ಚರಿಸಲು ಕಲಿಸುವ ನಾವೇ, ಅದೇ ನಾಲಗೆಯಿಂದ ಅವನ ಕುರಿತು ಬರಿಯ ದಿಗಿಲನ್ನು ಮಗುವಿನ ಎದೆಯಲ್ಲಿ ಇಳಿಸಿದರೆ ಅದು ಯಾವುದನ್ನು ನಂಬಬೇಕು?

ಎರಡನೆಯದಾಗಿ ಬೆಲೆ ತೆರುವವರು ರೋಗಿಗಳು. ನಿದ್ದೆ ಬಾರದಿರುವುದು, ಹಸಿವಾಗದಿರುವುದು, ಕಾರಣವಿಲ್ಲದೆ ಅಳು ಬರುವುದು, ಯಾರೊಂದಿಗೂ ಮಾತು ಬೇಡವೆನಿಸುವುದು ಇವೆಲ್ಲ ಈ ಪುಸ್ತಕಗಳ ಪ್ರಕಾರ ಮಾಟದ ಲಕ್ಷಣಗಳು. ಯಾವ ವೈದ್ಯನನ್ನು ಕೇಳಿದರೂ ಇವು ಖಿನ್ನತೆಯ ಲಕ್ಷಣಗಳೂ ಆಗಿರಬಹುದೆಂದು ಹೇಳುತ್ತಾನೆ. ಹೆರಿಗೆಯಾದ ಕೆಲವೇ ವಾರಗಳಲ್ಲಿ ಮಂಕಾಗಿ ಕುಳಿತ ಸೊಸೆಯ ಮೇಲೆ ಜಿನ್ನ್ ಇದೆಯೆಂದು ತೀರ್ಮಾನಿಸಿದ ಕುಟುಂಬ ಮೊದಲು ಹಣ ಕಳೆದುಕೊಳ್ಳುತ್ತದೆ, ಆಮೇಲೆ ಕಾಲ ಕಳೆದುಕೊಳ್ಳುತ್ತದೆ, ಕೆಲವೊಮ್ಮೆ ಆಕೆಯನ್ನೇ ಕಳೆದುಕೊಳ್ಳುತ್ತದೆ. ಮಾಟ ಮಾಡಿಸಿದವರು ಯಾರೆಂಬ ಹುಡುಕಾಟದಲ್ಲಿ ನಾದಿನಿಯೋ ನೆರೆಯವಳೋ ಆರೋಪಿಯಾಗಿ, ಸಂಬಂಧಗಳು ಮುರಿದುಬೀಳುತ್ತವೆ.

ಇದು ಅತಿಶಯೋಕ್ತಿ ಎನ್ನುವವರು ಏರ್ವಾಡಿಯನ್ನು ನೆನಪಿಸಿಕೊಳ್ಳಲಿ. ತಮಿಳುನಾಡಿನ ರಾಮನಾಥಪುರಂ ಜಿಲ್ಲೆಯ ಆ ದರ್ಗಾದ ಊರಿಗೆ ಮಾನಸಿಕ ಅಸ್ವಸ್ಥರನ್ನು ಕರೆತಂದು ಬಿಟ್ಟುಹೋಗುವ ರೂಢಿಯಿತ್ತು. 2001ರ ಆಗಸ್ಟ್ 6ರಂದು ಅಲ್ಲಿನ ಒಂದು ಖಾಸಗಿ ಆಶ್ರಯಗೃಹಕ್ಕೆ ಬೆಂಕಿ ಬಿದ್ದಿತು. ಸಂಕೋಲೆಗಳಿಂದ ಬಿಗಿಯಲ್ಪಟ್ಟಿದ್ದವರು ಓಡಲಾರದೆ ಹೋದರು. 28 ಮಂದಿ ಸತ್ತರು. ಅವರನ್ನು ಅಲ್ಲಿಗೆ ತಲುಪಿಸಿದ್ದು ದ್ವೇಷವಲ್ಲ. ಅವರ ಕಾಯಿಲೆಯ ಬಗ್ಗೆ ಮನೆಯವರಿಗಿದ್ದ ಭಯ, ಮತ್ತು ಆ ಭಯಕ್ಕೆ ಬೇರೆ ದಾರಿ ತೋರಿಸುವವರು ಯಾರೂ ಇಲ್ಲದಿದ್ದುದು.

ಇನ್ನು ನಮ್ಮ ಪ್ರವಾದಿವರ್ಯರು(ಸ) ಭಯವನ್ನೂ ಕತ್ತಲೆಯನ್ನೂ ಹೇಗೆ ಎದುರಿಸಿದರೆಂಬುದನ್ನು ನೋಡೋಣ. ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ವರದಿಯಾಗಿರುವ ಒಂದು ಘಟನೆಯಿದೆ. ಒಂದು ರಾತ್ರಿ ಮದೀನಾದ ಜನರು ಯಾವುದೋ ಸದ್ದಿಗೆ ಬೆಚ್ಚಿಬಿದ್ದರು. ಕೆಲವರು ಧೈರ್ಯ ಮಾಡಿ ಸದ್ದು ಬಂದ ಕಡೆಗೆ ಹೊರಟಾಗ ಎದುರಿನಿಂದ ಪ್ರವಾದಿ(ಸ)ಯವರು ಮರಳಿ ಬರುತ್ತಿದ್ದರು. ಎಲ್ಲರಿಗಿಂತ ಮೊದಲೇ ಅವರು ಅಬೂ ತಲ್ಹಾ(ರ)ರ ಕುದುರೆಯನ್ನು ಜೀನು ಸಹ ಹಾಕದೆ ಏರಿ, ಒಬ್ಬರೇ ಹೋಗಿ, ನೋಡಿಕೊಂಡು ಬಂದಿದ್ದರು. ಹೆದರಬೇಕಾದದ್ದು ಏನೂ ಇಲ್ಲವೆಂದು ಜನರಿಗೆ ತಿಳಿಸಿದರು. ಸದ್ದು ಏನೆಂದು ಕುಳಿತಲ್ಲೇ ಕಲ್ಪಿಸಿಕೊಂಡು ನಡುಗುವವರಿಗೂ, ಎದ್ದು ಹೋಗಿ ನೋಡಿ ಬಂದು ಇತರರಿಗೆ ಸಮಾಧಾನ ಹೇಳುವವರಿಗೂ ಇರುವ ವ್ಯತ್ಯಾಸವನ್ನು ಗಮನಿಸಿರಿ. ನಾವು ಯಾರ ಅನುಯಾಯಿಗಳು?

ಎರಡನೆಯ ಘಟನೆ ಇನ್ನೂ ಹೆಚ್ಚು ಚಿಂತನಾರ್ಹವಾದುದು. ಹಿಜರಿ ಹತ್ತನೆಯ ವರ್ಷ ಪ್ರವಾದಿ(ಸ)ಯವರ ಪುಟ್ಟ ಮಗು ಇಬ್ರಾಹೀಮ್ ತೀರಿಕೊಂಡ ದಿನವೇ ಸೂರ್ಯಗ್ರಹಣವಾಯಿತು. ಹಗಲಲ್ಲೇ ಕತ್ತಲೆ ಕವಿದಾಗ, ಈ ಮರಣದ ದುಃಖದಿಂದಲೇ ಸೂರ್ಯ ಮಂಕಾಗಿದ್ದಾನೆಂದು ಜನರು ಆಡಿಕೊಂಡರು. ಪುತ್ರಶೋಕದಲ್ಲಿದ್ದ ತಂದೆ ಸುಮ್ಮನಿದ್ದಿದ್ದರೂ ಆ ಮಾತು ಅವರ ಮನೆತನದ ಮಹಿಮೆಯಾಗಿ ಹಬ್ಬುತ್ತಿತ್ತು. ಆದರೆ ಅವರು ಸುಮ್ಮನಿರಲಿಲ್ಲ. ಸೂರ್ಯಚಂದ್ರರು ಅಲ್ಲಾಹನ ನಿದರ್ಶನಗಳೆಂದೂ, ಯಾರೊಬ್ಬರ ಸಾವಿಗಾಗಲಿ ಹುಟ್ಟಿಗಾಗಲಿ ಅವುಗಳಿಗೆ ಗ್ರಹಣ ಹಿಡಿಯುವುದಿಲ್ಲವೆಂದೂ ತಿಳಿಸಿ, ಜನರನ್ನು ನಮಾಝಿಗೆ, ಪ್ರಾರ್ಥನೆಗೆ ಕರೆದರು. ಭಯವು ವದಂತಿಯಾಗಿ ಹರಡುವುದನ್ನು ತಡೆದು ಅದನ್ನು ಆರಾಧನೆಯ ಕಡೆಗೆ ತಿರುಗಿಸುವುದೇ ಪ್ರವಾದಿಚರ್ಯೆ. ನಮ್ಮ ಅಂಗಡಿ ಪುಸ್ತಕಗಳು ಇದಕ್ಕೆ ತದ್ವಿರುದ್ಧವಾಗಿ, ಆರಾಧನೆಯ ಹೆಸರಿನಲ್ಲಿ ವದಂತಿಯನ್ನು ಹರಡುತ್ತವೆ.

ಕುರ್‌ಆನ್‌ನ ರೀತಿಯೂ ಇದೇ. ಅದು ಕತ್ತಲೆಯನ್ನು ಸೂಚಿಸುವಾಗಲೆಲ್ಲ ಬಹುವಚನವನ್ನೂ, ಬೆಳಕಿಗೆ ಏಕವಚನವನ್ನೂ ಬಳಸುತ್ತದೆಂಬುದು ಅರಬಿ ಬಲ್ಲವರಿಗೆ ತಿಳಿದ ವಿಷಯ. ಕತ್ತಲೆಗಳು ಹಲವು, ಬೆಳಕು ಒಂದೇ. ಕಡಲು, ರಾತ್ರಿ ಮತ್ತು ಮೀನಿನ ಉದರ ಹೀಗೆ ಕತ್ತಲೆಯ ಮೇಲೆ ಕತ್ತಲೆ ಕವಿದಾಗ ಯೂನುಸ್(ಅ) ಕೂಗಿದ್ದು ಆ ಒಬ್ಬನನ್ನು ಮಾತ್ರ. ನಾವು ಪ್ರತಿದಿನ ಓದುವ ಅಲ್ ಫಲಕ್ ಅಧ್ಯಾಯವು ಕವಿಯುವ ಇರುಳನ್ನೂ, ಗಂಟುಗಳಿಗೆ ಊದುವವರನ್ನೂ, ಅಸೂಯೆಪಡುವವನನ್ನೂ ಹೆಸರಿಸುತ್ತದೆ ನಿಜ. ಆದರೆ ಅದು ಆರಂಭವಾಗುವುದು ಮುಂಜಾನೆಯ ಪ್ರಭುವಿನ ಸ್ಮರಣೆಯಿಂದ. ಕೇಡಿನ ಉಲ್ಲೇಖಕ್ಕೆ ಮೊದಲೇ ಆಸರೆಯ ಉಲ್ಲೇಖ. ಅನ್ನಾಸ್ ಅಧ್ಯಾಯವಂತೂ ಎದೆಯಲ್ಲಿ ದುಷ್ಪ್ರೇರಣೆ ಹಾಕುವವರು ಜಿನ್ನ್‌ಗಳಲ್ಲಿ ಮಾತ್ರವಲ್ಲ, ಮನುಷ್ಯರಲ್ಲೂ ಇದ್ದಾರೆಂದು ಎಚ್ಚರಿಸುತ್ತದೆ. ಮನುಷ್ಯರ ಗುಂಪಿನ ಆ ಪಿಸುಗುಡುವವರು ಪುಸ್ತಕಗಳನ್ನೂ ಬರೆಯಬಲ್ಲರು.

ಇಲ್ಲಿ ಎರಡು ಆಕ್ಷೇಪಗಳು ಬರುತ್ತವೆ. ಮೊದಲನೆಯದು: ಭಯವಿಲ್ಲದಿದ್ದರೆ ಜನರು ದಾರಿ ತಪ್ಪುತ್ತಾರೆ, ಮಕ್ಕಳು ನಮಾಝ್ ಬಿಡುತ್ತಾರೆ. ಈ ಪ್ರಶ್ನೆಗೆ ಇಮಾಮ್ ಗಝ್ಝಾಲಿ(ರ) ತಮ್ಮ ‘ಇಹ್ಯಾ ಉಲೂಮಿದ್ದೀನ್’ನ 33ನೆಯ ಭಾಗದಲ್ಲಿ ವಿಸ್ತಾರವಾಗಿ ಉತ್ತರಿಸಿದ್ದಾರೆ. ಅಲ್ಲಿ ಅವರು ಮೊದಲು ನಿರೀಕ್ಷೆಯನ್ನು, ನಂತರವೇ ಭಯವನ್ನು ಚರ್ಚಿಸುತ್ತಾರೆ. ಭಯವು ಅವರ ದೃಷ್ಟಿಯಲ್ಲಿ ಮನುಷ್ಯನನ್ನು ಜ್ಞಾನ ಮತ್ತು ಕರ್ಮದ ಕಡೆಗೆ ನಡೆಸುವ ಚಾಟಿ. ನಡೆಸಬೇಕಾದ ಚಾಟಿಯೇ ಕಾಲು ಮುರಿದರೆ ಅದು ನಿಂದನೀಯ. ಭಯ ಶ್ರೇಷ್ಠವೋ ನಿರೀಕ್ಷೆ ಶ್ರೇಷ್ಠವೋ ಎಂದು ಕೇಳುವುದು ರೊಟ್ಟಿ ಶ್ರೇಷ್ಠವೋ ನೀರು ಶ್ರೇಷ್ಠವೋ ಎಂದು ಕೇಳಿದಂತೆ. ಹಸಿದವನಿಗೆ ರೊಟ್ಟಿ ಬೇಕು, ಬಾಯಾರಿದವನಿಗೆ ನೀರು. ಅಹಂಕಾರದಿಂದ ಮೆರೆಯುವ ದಬ್ಬಾಳಿಕೆಗಾರನಿಗೆ ಭಯದ ಔಷಧ ಕೊಡಿ. ಮೊದಲೇ ಕುಗ್ಗಿದ ವಿಧವೆಗೆ, ಪರೀಕ್ಷೆಯಲ್ಲಿ ಸೋತ ಹುಡುಗನಿಗೆ, ಹತ್ತು ವರ್ಷದ ಮಗುವಿಗೆ ಅದೇ ಔಷಧವನ್ನು ಅದೇ ಪ್ರಮಾಣದಲ್ಲಿ ಕುಡಿಸುವವನು ವೈದ್ಯನಲ್ಲ.

ತೊಂಬತ್ತೊಂಬತ್ತು ಕೊಲೆ ಮಾಡಿದವನ ಪ್ರಸಿದ್ಧ ಹದೀಸನ್ನು ಸ್ಮರಿಸಿರಿ. ಪಶ್ಚಾತ್ತಾಪಕ್ಕೆ ದಾರಿಯಿದೆಯೇ ಎಂದು ಕೇಳಿದಾಗ ಸನ್ಯಾಸಿಯೊಬ್ಬನು ಇಲ್ಲವೆಂದನು. ಹತಾಶನಾದ ಕೊಲೆಗಾರ ಅವನನ್ನೂ ಕೊಂದು ನೂರು ಪೂರ್ತಿ ಮಾಡಿದನು. ಜ್ಞಾನಿಯೊಬ್ಬರು ಮಾತ್ರ ಬಾಗಿಲು ತೆರೆದೇ ಇದೆಯೆಂದು ಹೇಳಿ, ಕೆಟ್ಟ ಊರನ್ನು ತೊರೆದು ಸಜ್ಜನರಿರುವ ಊರಿಗೆ ಹೋಗಲು ಸೂಚಿಸಿದರು. ಹತಾಶೆ ಇನ್ನೊಂದು ಹೆಣ ಬೀಳಿಸಿತು, ಜ್ಞಾನ ಒಂದು ದಾರಿ ತೋರಿಸಿತು. ಬರಿಯ ಬೆದರಿಕೆಯಿಂದ ಧರ್ಮ ಉಳಿಯುತ್ತದೆಂದು ವಾದಿಸುವವರು ಆ ಸನ್ಯಾಸಿಯ ಸ್ಥಾನದಲ್ಲಿ ನಿಂತಿದ್ದಾರೆ.

ಎರಡನೆಯ ಆಕ್ಷೇಪ: ಸತ್ಕರ್ಮಕ್ಕೆ ಪ್ರೇರೇಪಿಸಲು ದುರ್ಬಲ ಹದೀಸ್‌ಗಳನ್ನು ಬಳಸಬಹುದೆಂದು ವಿದ್ವಾಂಸರೇ ಹೇಳಿಲ್ಲವೇ? ಹೇಳಿದ್ದಾರೆ, ಷರತ್ತುಗಳೊಂದಿಗೆ. ವರದಿ ತೀರಾ ದುರ್ಬಲವಾಗಿರಬಾರದು, ಶರೀಅತ್‌ನ ಸ್ಥಾಪಿತ ತತ್ವವೊಂದರ ವ್ಯಾಪ್ತಿಯೊಳಗಿರಬೇಕು, ಅದು ಪ್ರವಾದಿವಚನವೇ ಎಂದು ಖಚಿತವಾಗಿ ನಂಬಬಾರದು ಎಂಬ ಷರತ್ತುಗಳು ಹಾಫಿಝ್ ಇಬ್ನ್ ಹಜರ್(ರ) ಅವರ ಹೆಸರಿನೊಂದಿಗೆ ಪ್ರಸಿದ್ಧವಾಗಿವೆ. ಬಿಡಿ ಕಟ್ಟುಕಥೆಗಳಿಗೆ ಈ ರಿಯಾಯಿತಿ ಎಂದೂ ಇರಲಿಲ್ಲ. ಹನ್ನೆರಡನೆಯ ಶತಮಾನದ ಬಗ್ದಾದಿನಲ್ಲಿ ಇಬ್ನುಲ್ ಜೌಝಿ(ರ) ಕಟ್ಟುಕಥೆಯ ಹದೀಸ್‌ಗಳನ್ನು ಬಯಲಿಗೆಳೆಯಲು ಒಂದು ಗ್ರಂಥವನ್ನೂ, ಕಥೆಗಾರ ಉಪದೇಶಕರ ಕುರಿತು ಮತ್ತೊಂದನ್ನೂ ರಚಿಸಿದರು. ಸ್ವತಃ ಮಹಾನ್ ಉಪದೇಶಕರಾಗಿದ್ದ ಅವರು ಜನರನ್ನು ಅಳಿಸಬಲ್ಲವರಾಗಿದ್ದರು, ಆದರೆ ಅದಕ್ಕಾಗಿ ಸುಳ್ಳು ಹೇಳುವುದನ್ನು ಸಹಿಸಲಿಲ್ಲ.

ಹಾಗಾದರೆ ಏನನ್ನು ಓದಬೇಕು? ಒಂಬತ್ತು–ಹತ್ತನೆಯ ಶತಮಾನಗಳಲ್ಲಿ ಬಾಳಿದ ಅಬೂ ಝೈದ್ ಅಲ್ ಬಲ್ಖಿ ದೇಹ ಮತ್ತು ಮನಸ್ಸುಗಳ ಆರೋಗ್ಯದ ಕುರಿತು ‘ಮಸಾಲಿಹುಲ್ ಅಬ್ದಾನ್ ವಲ್ ಅನ್ಫುಸ್’ ಎಂಬ ಗ್ರಂಥ ಬರೆದರು. ಕೋಪ, ಭಯ, ದುಃಖ, ಕಾಡುವ ದುಶ್ಚಿಂತೆ ಇವುಗಳಿಗೆ ಅವರು ಒಂದೊಂದಾಗಿ ಚಿಕಿತ್ಸೆ ಸೂಚಿಸುತ್ತಾರೆ. ಮನುಷ್ಯನು ಹೆದರುವ ಸಂಗತಿಗಳಲ್ಲಿ ಹೆಚ್ಚಿನವು ಅವನು ಊಹಿಸಿಕೊಂಡಷ್ಟು ಹಾನಿಕರವಲ್ಲವೆಂಬುದನ್ನು ದಟ್ಟ ಮಂಜಿನ ಉದಾಹರಣೆಯಿಂದ ವಿವರಿಸುತ್ತಾರೆ. ದೂರದಿಂದ ಗೋಡೆಯಂತೆ ಕಾಣುವ ಮಂಜು ಒಳಹೊಕ್ಕವನಿಗೆ ಬರಿಯ ತೇವಗಾಳಿ. ಕಾರಣ ತಿಳಿದ ದುಃಖ ಬೇರೆ, ಕಾರಣ ಕಾಣದ ದುಃಖ ಬೇರೆಯೆಂದೂ, ಎರಡನೆಯದರ ಮೂಲ ದೇಹದಲ್ಲಿರುತ್ತದೆಂದೂ ಅವರು ಹೇಳಿದರು. ಸಾವಿರ ವರ್ಷಗಳ ಹಿಂದಿನ ಮುಸ್ಲಿಮ್ ವಿದ್ವಾಂಸರು ದೇಹದಲ್ಲಿ ಕಾರಣ ಹುಡುಕಿದ ಕಡೆ, ನಾವಿನ್ನೂ ನಾದಿನಿಯ ಕೈವಾಡ ಹುಡುಕುತ್ತಿದ್ದೇವೆ.

ಹತ್ತನೆಯ ಶತಮಾನದ ನ್ಯಾಯಾಧೀಶ ಅತ್ತನೂಖಿಯವರ ‘ಅಲ್ ಫರಜ್ ಬಅದಶ್ಶಿದ್ದಃ’ ಹದಿನಾಲ್ಕು ಅಧ್ಯಾಯಗಳ ಗ್ರಂಥ. ಸೆರೆಮನೆ, ಕಾಯಿಲೆ, ದಾರಿಗಳ್ಳರು, ಕಾಡುಮೃಗಗಳು ಹೀಗೆ ಎಲ್ಲ ಬಗೆಯ ಸಂಕಟಗಳಿಂದ ಪಾರಾದವರ ಕಥೆಗಳು ಅದರಲ್ಲಿವೆ. ಕತ್ತಲೆಯನ್ನು ಅವರೂ ಬಣ್ಣಿಸುತ್ತಾರೆ, ಆದರೆ ಓದುಗನನ್ನು ಅಲ್ಲೇ ಬಿಟ್ಟುಹೋಗುವುದಿಲ್ಲ. ಮೂರನೆಯದಾಗಿ, ಇಮಾಮ್ ಗಝ್ಝಾಲಿಯವರ ‘ಅಲ್ ಮುನ್ಕಿದ್ ಮಿನದ್ದಲಾಲ್’. 1095ರಲ್ಲಿ ಬಗ್ದಾದಿನ ನಿಝಾಮಿಯಾದ ಖ್ಯಾತ ಗುರುಗಳಾಗಿದ್ದ ಅವರಿಗೆ ಪಾಠ ಹೇಳಲು ನಾಲಗೆಯೇ ಹೊರಳದಾಯಿತು, ಅನ್ನ ಜೀರ್ಣವಾಗದಾಯಿತು, ವೈದ್ಯರು ಕೈಚೆಲ್ಲಿದರು. ಆ ಮನೋವ್ಯಥೆಯನ್ನು ಅವರು ಮುಚ್ಚಿಡದೆ ಬರೆದಿಟ್ಟರು. ಹುಜ್ಜತುಲ್ ಇಸ್ಲಾಮ್ ಎನಿಸಿಕೊಂಡವರೇ ತಮ್ಮ ಮನಸ್ಸಿನ ಕಾಯಿಲೆಯನ್ನು ಬರೆದುಕೊಳ್ಳಬಹುದಾದರೆ, ನಮ್ಮ ಮನೆಯ ಹೆಣ್ಣುಮಗಳು ತನಗೆ ನಿದ್ದೆ ಬರುತ್ತಿಲ್ಲವೆಂದು ಹೇಳಲು ಏಕೆ ನಾಚಬೇಕು?

ಆದ್ದರಿಂದ ಹೆತ್ತವರಲ್ಲಿ ನನ್ನ ವಿನಂತಿ: ಧಾರ್ಮಿಕವೆಂದು ಮುದ್ರಿತವಾದುದೆಲ್ಲವನ್ನೂ ಮಕ್ಕಳ ಕೈಗೆ ಕೊಡಬೇಡಿ. ಮೂರು ಪ್ರಶ್ನೆ ಕೇಳಿ. ಹದೀಸ್ ಎಂದು ಹೇಳಿದ್ದಕ್ಕೆ ಆಧಾರಗ್ರಂಥದ ಹೆಸರಿದೆಯೇ? ಭಯವನ್ನು ಹೇಳಿದ ಪುಟದ ಬಳಿ ತೌಬಾದ ಬಾಗಿಲನ್ನೂ ತೋರಿಸಿದೆಯೇ? ಮುಚ್ಚಿಟ್ಟ ಬಳಿಕ ಓದುಗನು ಮುಸಲ್ಲಾದ ಕಡೆಗೆ ನಡೆಯುತ್ತಾನೆಯೇ, ಇಲ್ಲವೇ ಕೊನೆಯ ಪುಟದಲ್ಲಿರುವ ಫೋನ್ ಸಂಖ್ಯೆಯ ಕಡೆಗೆ?

ಜಮಾಅತ್ ಕಮಿಟಿಗಳು ಮಸೀದಿಯ ಕಪಾಟನ್ನು ಒಮ್ಮೆ ಶೋಧಿಸಲಿ. ಅರಬಿ ಬಲ್ಲ ನಮ್ಮ ತರುಣ ಉಲಮಾಗಳು ಬಲ್ಖಿಯನ್ನೂ ತನೂಖಿಯನ್ನೂ ಸರಳ ಕನ್ನಡದಲ್ಲಿ ಮನೆಮನೆಗೆ ತಲುಪಿಸಲಿ. ಮನೆಯಲ್ಲಿ ಯಾರಾದರೂ ಮಂಕಾಗಿ ಕುಳಿತಿದ್ದರೆ ಫಾತಿಹಾ ಓದಿ ದುಆ ಮಾಡಿರಿ, ಅದು ಸುನ್ನತ್. ವೈದ್ಯರ ಬಳಿಗೂ ಕರೆದೊಯ್ಯಿರಿ, ಚಿಕಿತ್ಸೆ ಪಡೆಯಲು ಆದೇಶಿಸಿದವರೂ ಅದೇ ಪ್ರವಾದಿ(ಸ). ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಮಾತನಾಡಬಹುದು. ಜಿನ್ನ್ ಬಿಡಿಸುವ ನೆಪದಲ್ಲಿ ಹೊಡೆಯುವುದು, ಕಟ್ಟಿಹಾಕುವುದು ಅಲ್ಲಾಹನ ಮುಂದೆ ಅಕ್ರಮ. 2017ರ ಕರ್ನಾಟಕದ ಅಮಾನವೀಯ ದುಷ್ಟ ಪದ್ಧತಿಗಳ ಕಾಯ್ದೆಯ ಪ್ರಕಾರ ಅಂತಹ ಹಿಂಸೆ ಶಿಕ್ಷಾರ್ಹ ಅಪರಾಧವೂ ಹೌದು.

ಅಲ್ಲಾಹನನ್ನು ಭಯಪಡುವವನು ಮಿಕ್ಕೆಲ್ಲ ಭಯಗಳಿಂದ ಬಿಡುಗಡೆ ಹೊಂದಬೇಕು. ನಮ್ಮ ಮನೆಗಳಲ್ಲಿ ಈ ಬಿಡುಗಡೆ ಕಾಣದಿದ್ದರೆ, ನಾವು ಕಲಿತ ಭಯ ಅವನದಲ್ಲ, ಯಾರದೋ ವ್ಯಾಪಾರದ್ದು. ಅಲ್ಲಾಹನು ನಮ್ಮನ್ನೂ ನಮ್ಮ ಮಕ್ಕಳನ್ನೂ ಕತ್ತಲೆಗಳಿಂದ ಬೆಳಕಿನೆಡೆಗೆ ಮುನ್ನಡೆಸಲಿ. ಆಮೀನ್.