ತೂಕದ ಯಂತ್ರ ಅಳೆಯದ ಸಂಗತಿ

ದೇಶದ ಐದು ವರ್ಷದೊಳಗಿನ ಮಕ್ಕಳಲ್ಲಿ ಅತಿತೂಕದವರ ಪ್ರಮಾಣ 2015–16ರಲ್ಲಿ ಶೇ 2.1ರಷ್ಟಿತ್ತು, 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಅದು ಶೇ 3.4ಕ್ಕೇರಿತು. ಶಾಲೆಗಳಲ್ಲಿ ‘ಸಕ್ಕರೆ ಫಲಕ’ ಹಾಕುವಂತೆ ಸಿಬಿಎಸ್‌ಇ 2025ರಲ್ಲಿ ಸೂಚಿಸಿದ್ದು ಸ್ವಾಗತಾರ್ಹವೇ. ಆದರೆ ಮಾಹಿತಿಯ ಕೊರತೆಯೊಂದೇ ಸಮಸ್ಯೆಯೇ?

ಆಹಾರಪಟ್ಟಿ ಬರೆದುಕೊಡುವ ಮುನ್ನ, ಬದಲಾವಣೆಗೆ ಮನೆಯವರು ಎಷ್ಟು ಸಿದ್ಧರಿದ್ದಾರೆಂದು 0ಯಿಂದ 10ರ ಮಾಪಕದಲ್ಲಿ ಕೇಳುವ ಕ್ರಮ ‘ಪ್ರೇರಣಾ ಸಂದರ್ಶನ’ ಪದ್ಧತಿಯಲ್ಲಿದೆ. 4 ಎಂದವರನ್ನು ‘10 ಏಕಲ್ಲ?’ ಎಂದು ಗದರಿದರೆ ಸಬೂಬು ಸಿಗುತ್ತದೆ, ‘2 ಏಕಲ್ಲ?’ ಎಂದರೆ ಬದಲಾಗಬೇಕೆನ್ನುವುದಕ್ಕೆ ಅವರದೇ ಕಾರಣಗಳು ಹೊರಬರುತ್ತವೆ.

ನಮ್ಮಲ್ಲಿ ಈ ಪ್ರಶ್ನೆ ಎದುರಾಗುವುದು ಬಹುಮಟ್ಟಿಗೆ ತಾಯಿಗೆ. ಗುಂಡಗಿನ ಮಗುವೇ ಆರೋಗ್ಯವಂತ ಮಗುವೆಂದು ನಂಬಿ ತುಪ್ಪ ಬಡಿಸುವ ಅಜ್ಜಿ, ಸಂಜೆ ಬೇಕರಿಯ ಪೊಟ್ಟಣ ಹಿಡಿದು ಬರುವ ತಂದೆ ವೈದ್ಯರ ಕೊಠಡಿಯ ಹೊರಗೇ ಉಳಿಯುತ್ತಾರೆ. ಮೊದಲ ಭೇಟಿಗೇ ಅವರನ್ನೂ ಕರೆಸಿ ಇದೇ ಪ್ರಶ್ನೆ ಕೇಳಬೇಕು.