ಕೋಡ್ ತುಣುಕುಗಳನ್ನು ಕೂಡಿಡಬೇಕೆ?

ಪರ: ಕನ್ನಡದ ಸೈಟ್ ಕಟ್ಟುವವರಿಗೆ ಬೇರೆ ದಾರಿಯಿಲ್ಲ

ಎಲ್ಲ ನೆಟ್ಟಿನಲ್ಲೇ ಸಿಗುತ್ತದಲ್ಲ, ಕೂಡಿಡುವುದೇಕೆ ಎನ್ನುವವರು ಕನ್ನಡದಲ್ಲಿ ಒಂದೇ ಒಂದು ಸೈಟ್ ಕಟ್ಟಿ ನೋಡಲಿ. ಶೀರ್ಷಿಕೆಯಿಂದ ವಿಳಾಸ ಮಾಡಿಕೊಡುವ ಸ್ಲಗ್ ಫಂಕ್ಷನ್ನನ್ನೇ ತೆಗೆದುಕೊಳ್ಳಿ. ಹುಡುಕಿದರೆ ಕೈಗೆ ಸಿಗುವ ಬಹುಪಾಲು ತುಣುಕುಗಳು ಇಂಗ್ಲಿಷಿನ 26 ಅಕ್ಷರ ಮತ್ತು 10 ಅಂಕಿಗಳನ್ನು ಬಿಟ್ಟು ಮಿಕ್ಕದ್ದನ್ನೆಲ್ಲ ಅಡ್ಡಗೆರೆ ಮಾಡಿಬಿಡುತ್ತವೆ. ‘ಕೃಷಿ ಮೇಳ’ ಕೊಟ್ಟರೆ ಬರೀ ಗೆರೆ ಬರುತ್ತದೆ. ಇರಲಿ, 2018ರಿಂದ ಜಾವಾಸ್ಕ್ರಿಪ್ಟಿನ ರೆಗ್ಯುಲರ್ ಎಕ್ಸ್‌ಪ್ರೆಷನ್ನಿಗೆ ಯೂನಿಕೋಡ್ ವರ್ಗಗಳು ಗೊತ್ತಿವೆ. ಯಾವ ಭಾಷೆಯದೇ ಆಗಲಿ, ಅಕ್ಷರವನ್ನು ಉಳಿಸು ಎಂದು ಬರೆಯುತ್ತೀರಿ. ಆಗ ಬರುವುದು ‘ಕ-ಷ-ಮ-ಳ’. ಯೂನಿಕೋಡ್ ಲೆಕ್ಕದಲ್ಲಿ ನಮ್ಮ ಗುಣಿತದ ಚಿಹ್ನೆಗಳು ಅಕ್ಷರಗಳಲ್ಲ, ‘ಮಾರ್ಕ್’ ಎಂಬ ಬೇರೆಯೇ ವರ್ಗ. ಅದನ್ನೂ ಸೇರಿಸಿದಿರಿ, ಕೃಷಿ ಮೇಳ ನೆಟ್ಟಗಾಯಿತು. ಅಷ್ಟರಲ್ಲಿ ‘ರಾಜ್‌ಕುಮಾರ್’ ಬರುತ್ತಾರೆ. ಆ ಹೆಸರಿನ ನಡುವೆ ಕಣ್ಣಿಗೆ ಕಾಣದಂತೆ ಕೂತಿರುವ ಜೀರೋ ವಿಡ್ತ್ ನಾನ್ ಜಾಯಿನರ್ ಅಕ್ಷರವೂ ಅಲ್ಲ, ಮಾರ್ಕೂ ಅಲ್ಲ. ಹೆಸರು ಎರಡು ತುಂಡು!

ಇಷ್ಟೆಲ್ಲ ಒದ್ದಾಡಿ ಗಿಟ್ಟಿಸಿದ ಒಂದು ಸಾಲನ್ನು ಬರೆದಿಡದೆ, ಮುಂದಿನ ಗಿರಾಕಿ ಬಂದಾಗ ಮತ್ತೆ ಮೊದಲಿನಿಂದ ಒದ್ದಾಡಬೇಕೆ?

ಡೇಟಾಬೇಸಿನದು ಇನ್ನೂ ಕಿಲಾಡಿ. ಮೈಎಸ್‌ಕ್ಯೂಎಲ್‌ನಲ್ಲಿ ‘ಯುಟಿಎಫ್8’ ಎಂದು ಹೆಸರಿಟ್ಟುಕೊಂಡು ಬಂದದ್ದು ಒಂದು ಅಕ್ಷರಕ್ಕೆ 3 ಬೈಟ್ ಮಾತ್ರ ಕೊಡುತ್ತಿತ್ತು. ಕನ್ನಡಕ್ಕೆ ಬೇಕಾದದ್ದೂ ಸರಿಯಾಗಿ 3. ಹಾಗಾಗಿ ಪರೀಕ್ಷೆಯಲ್ಲಿ ಎಲ್ಲ ಪಾಸು. ಸೈಟ್ ಚಾಲೂ ಆದ ಮೇಲೆ ಯಾರೋ ಓದುಗರು ಪ್ರತಿಕ್ರಿಯೆಯ ಕೊನೆಗೆ ನಗುವ ಎಮೋಜಿ ಹಾಕುತ್ತಾರೆ, ಅದಕ್ಕೆ 4 ಬೈಟ್ ಬೇಕು, ದಾಖಲೆ ಸೇರುವುದಿಲ್ಲ. ‘ಯುಟಿಎಫ್8ಎಂಬಿ4’ ಎಂದು ಟಿಪ್ಪಣಿ ಪುಸ್ತಕದ ಮೊದಲ ಪುಟದಲ್ಲೇ ಬರೆದುಕೊಂಡವರು ಆ ರಾತ್ರಿ ನಿದ್ದೆ ಮಾಡುತ್ತಾರೆ. ತಲೆಬರಹಕ್ಕೆ ಲೈನ್ ಹೈಟ್ 1.2 ಇಟ್ಟು, ಪೆಟ್ಟಿಗೆಯ ಹೊರಗೆ ಹೋದದ್ದನ್ನು ಮರೆಮಾಡಿದರೆ ‘ರಾಷ್ಟ್ರ’ದ ಒತ್ತಕ್ಷರದ ಬುಡ ಕತ್ತರಿಸಿ ಹೋಗುತ್ತದೆ, ನಾನು ಕಣ್ಣು ಮುಚ್ಚಿಕೊಂಡು 1.6 ಹಾಕುತ್ತೇನೆ.

ಸರ್ವರ್ ವಿಚಾರ ಎಲ್ಲರಿಗೂ ಗೊತ್ತಿರುವುದೇ. ಎಂಜಿನ್ಎಕ್ಸ್ ತಾನಾಗಿಯೇ 1 ಎಂಬಿಗಿಂತ ದೊಡ್ಡ ಫೋಟೋವನ್ನು ಒಳಗೆ ಬಿಡುವುದಿಲ್ಲ, ಆ ಮಿತಿ ಏರಿಸುವ ಒಂದು ಸಾಲಿಗಾಗಿ ಪ್ರತಿಸಲ ತಡಕಾಡುವುದರಲ್ಲಿ ಅರ್ಥವಿಲ್ಲ.

ಹಳತಾಗುತ್ತದೆ ಎನ್ನುತ್ತಾರೆ. ಆಗಲಿ, ದಿನಾಂಕ ಹಾಕಿಡಿ. ಎಐ ಬರೆದುಕೊಡುತ್ತದೆ ಎನ್ನುತ್ತಾರೆ. ಬರೆದುಕೊಟ್ಟದ್ದು ಸರಿಯೋ ತಪ್ಪೋ ಎಂದು ಒರೆಹಚ್ಚಲಾದರೂ ಕೈಯಲ್ಲಿ ಏನಾದರೂ ಇರಬೇಕಲ್ಲ. ಕಡತ ಬೆಳೆದು ಬೆಳೆದು ಬೇಕಾದ್ದು ಸಿಗುವುದಿಲ್ಲ ಎಂಬ ದೂರು ಮಾತ್ರ ನಿಜ. ನನ್ನದರಲ್ಲಿ ಇಂಟರ್ನೆಟ್ ಎಕ್ಸ್‌ಪ್ಲೋರರ್ 6ರ ತಾಪತ್ರಯಗಳು ಇನ್ನೂ ಭದ್ರವಾಗಿವೆ. ತೆಗೆಯಲು ಮನಸ್ಸು ಬಂದಿಲ್ಲ.

ವಿರೋಧ: ತುಣುಕಿಗೆ ವಯಸ್ಸಾಗುತ್ತದೆ

ವಿರೋಧದ ಕಡೆಯಿಂದ ಬರೆಯಲು ಯಾರೂ ಸಿಗದೆ ಸಂಪಾದಕರು ನನ್ನನ್ನು ಹಿಡಿದರು. ಹೇಳಬೇಕಾದ್ದನ್ನು ಹೇಳುತ್ತೇನೆ.

ಮೊದಲನೆಯದು, ವಯಸ್ಸು. ಫ್ಲೋಟ್ ಮಾಡಿದ ಪೆಟ್ಟಿಗೆಗಳನ್ನು ಹಿಡಿದಿಡುವ ‘ಕ್ಲಿಯರ್‌ಫಿಕ್ಸ್’ ಒಂದು ಕಾಲದಲ್ಲಿ ಎಲ್ಲರ ಸಂಗ್ರಹದಲ್ಲಿತ್ತು. ಫ್ಲೆಕ್ಸ್‌ಬಾಕ್ಸ್, ಗ್ರಿಡ್ ಬಂದ ಮೇಲೆ ಅದಕ್ಕೆ ಕೆಲಸವೇ ಉಳಿಯಲಿಲ್ಲ. ಪಿಎಚ್‌ಪಿಯ ಹಳೆಯ ಮೈಎಸ್‌ಕ್ಯೂಎಲ್ ಫಂಕ್ಷನ್ನುಗಳನ್ನು 2015ರ ಕೊನೆಗೆ ಬಂದ 7ನೇ ಆವೃತ್ತಿ ಕಿತ್ತೇ ಹಾಕಿತು. ಇವು ಕೆಟ್ಟರೆ ಗೊತ್ತಾದರೂ ಆಗುತ್ತದೆ. ಟಿಎಲ್‌ಎಸ್ 1.0, 1.1ನ್ನು ಬಳಸಬಾರದೆಂದು 2021ರ ಮಾರ್ಚ್‌ನಲ್ಲಿ ಐಇಟಿಎಫ್ ಸಾರಿದರೂ, ಹಳೆ ಟಿಪ್ಪಣಿಯಿಂದ ಸರ್ವರ್ ಹೂಡುವವರು ಆ ಎರಡನ್ನೂ ತೆರೆದಿಟ್ಟುಬಿಡಬಹುದು. ಹಳೇ ಡಾಕ್ಟರ್ ಚೀಟಿ ತೋರಿಸಿ ಮೆಡಿಕಲ್ ಶಾಪಿನಲ್ಲಿ ಮಾತ್ರೆ ಕೊಂಡಂತೆ. ದಿನಾಂಕ ಹಾಕಿದರೆ ಸಾಲದು, ದಿನಾಂಕ ಚೀಟಿಯ ಮೇಲೂ ಇರುತ್ತದೆ.

ಎರಡನೆಯದು, ಒಂದು ಕಡೆಯ ತಪ್ಪು ನೂರು ಕಡೆ ಹೋಗುತ್ತದೆ. ಬೈಟ್‌ಗಳ ಸಂಖ್ಯೆಯನ್ನು ಕೆಬಿ, ಎಂಬಿ ಎಂದು ಓದಲು ಬರುವಂತೆ ಮಾಡುವ ಜಾವಾ ತುಣುಕೊಂದನ್ನು 2010ರಲ್ಲಿ ಸ್ಟಾಕ್ ಓವರ್‌ಫ್ಲೋನಲ್ಲಿ ಒಬ್ಬರು ಬರೆದರು. ಅಲ್ಲಿಂದ ಅತಿ ಹೆಚ್ಚು ನಕಲಾದ ಜಾವಾ ತುಣುಕು ಅದೇ ಎಂದು ಮುಂದೆ ಸಂಶೋಧಕರು ಪತ್ತೆ ಮಾಡಿದರು. 2019ರಲ್ಲಿ ಬರೆದವರೇ ಅದರಲ್ಲಿ ತಪ್ಪಿದೆ ಎಂದು ತಿಳಿಸಿದರು: 9,99,999 ಬೈಟ್ ಕೊಟ್ಟರೆ 1 ಎಂಬಿ ಎನ್ನುವ ಬದಲು 1000 ಕೆಬಿ ಎನ್ನುತ್ತಿತ್ತು. ಮೂಲವನ್ನು ತಿದ್ದಬಹುದು, ನಕಲುಗಳನ್ನು ತಿದ್ದುವವರು ಯಾರು?

ಮೂರನೆಯದು, ಗುಟ್ಟು. ಇಂಥ ಕಡತಗಳಲ್ಲಿ ಡೇಟಾಬೇಸಿನ ಪಾಸ್‌ವರ್ಡ್, ಗಿರಾಕಿಯ ಎಪಿಐ ಕೀ ಸೇರಿಕೊಂಡಿರುತ್ತವೆ. ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಾಲ್ಕನೆಯದು, ಕಲಿಕೆ. ನಮ್ಮ ಟೀಮಿಗೆ ಬರುವ ಹುಡುಗರು ಹಿರಿಯರ ಕಡತದಿಂದ ಎತ್ತಿ ಅಂಟಿಸುತ್ತಾರೆ. ಈ ಸಾಲು ಏಕೆ ಎಂದರೆ ‘ಮೊದಲಿನಿಂದ ಇದೆ ಸರ್’ ಎನ್ನುತ್ತಾರೆ. ಸರ್ವರ್ ಹೂಡುವ ಹಂತಗಳನ್ನು ಬರೆದಿಡಬೇಡಿ ಎಂದು ಮಾತ್ರ ನಾನು ಹೇಳಲಾರೆ. ಅವನ್ನು ಬರೆಯದವರನ್ನು ನಾನೇ ಬೈದಿದ್ದೇನೆ, ಏಕೆಂದರೆ ಬರೆದವರು ರಜೆ ಹಾಕಿದರೂ ಕೆಲಸ ನಡೆಯುತ್ತದೆ. ನನ್ನ ತಕರಾರು ಕೋಡಿನದು.

ಎದುರು ಕಡೆಯವರ ಬರಹವನ್ನು ಸಂಪಾದಕರು ಕಳಿಸಿದ್ದರು. ಸ್ಲಗ್ಗಿನ ಆ ಸಾಲನ್ನು ಸ್ವಂತ ಕಡತದಲ್ಲಿ ಇಟ್ಟುಕೊಳ್ಳುವ ಬದಲು, ‘ಕೃಷಿ ಮೇಳ’, ‘ರಾಜ್‌ಕುಮಾರ್’ ಎರಡನ್ನೂ ಟೆಸ್ಟ್ ಆಗಿ ಸೇರಿಸಿ ಲೈಬ್ರರಿ ಮಾಡಿ ಹೊರಗೆ ಬಿಡಲಿ. ತಪ್ಪಿದ್ದರೆ ಒಂದೇ ಕಡೆ ತಿದ್ದಿದರಾಯಿತು. ಬಿಡುವವರೆಗೆ ಕಡತ ಬೇಕಲ್ಲ ಎಂದು ಅವರು ಕೇಳಿದರೆ, ಬೇಕು.