ಆ್ಯಪ್ ಹೇಳುವ ಮಳೆ ಯಾವ ಊರಿನದು?

ಅಂತಿಮ ವರ್ಷದ ಪ್ರಾಜೆಕ್ಟ್ ಹುಡುಕುವ ಹೊತ್ತಿಗೆ ನಮ್ಮ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಒಂದು ವಿಷಯ ತಪ್ಪದೇ ಹಾಜರಾಗುತ್ತದೆ: ‘ರೈತರಿಗಾಗಿ ಮಳೆ ಮುನ್ಸೂಚನೆ ಆ್ಯಪ್’. ಉಚಿತವಾಗಿ ಸಿಗುವ ಜಾಗತಿಕ ಹವಾಮಾನ ದತ್ತಾಂಶವನ್ನು ಡೌನ್‌ಲೋಡ್ ಮಾಡಿಕೊಂಡು, ಮಷಿನ್ ಲರ್ನಿಂಗ್ ಮಾಡೆಲ್‌ಗೆ ಕೊಟ್ಟು, ಗ್ರಾಫ್ ತೋರಿಸಿದರೆ ಪ್ರಾಜೆಕ್ಟ್ ಮುಗಿಯಿತು. ಮಾಡೆಲ್ ಎಷ್ಟು ನಿಖರ ಎಂದು ಎಲ್ಲರೂ ಕೇಳುತ್ತಾರೆ. ಆ ಅಂಕಿ ಭೂಮಿಯ ಮೇಲೆ ಎಲ್ಲಿಯದು ಎಂದು ಕೇಳುವವರು ಕಡಿಮೆ. ಬಿಇ ವಿದ್ಯಾರ್ಥಿಯಾಗಿ ನನ್ನ ಅಭಿಪ್ರಾಯ ಇಷ್ಟೆ: ಈ ಎರಡನೇ ಪ್ರಶ್ನೆಗೆ ಉತ್ತರ ಗೊತ್ತಿಲ್ಲದೆ ಮೊದಲನೆಯದಕ್ಕೆ ಅರ್ಥವಿಲ್ಲ.

ಯುರೋಪಿನ ಹವಾಮಾನ ಕೇಂದ್ರವಾದ ಇಸಿಎಂಡಬ್ಲ್ಯುಎಫ್‌ನ ‘ಇಆರ್‌ಎ5’ ದತ್ತಾಂಶವನ್ನೇ ನೋಡಿ. 1940ರಿಂದ ಈಚಿನ ಗಂಟೆಗಂಟೆಯ ಹವಾಮಾನ ಅದರಲ್ಲಿದೆ. ಅದು ಇಡೀ ಭೂಮಿಯನ್ನು 0.25 ಡಿಗ್ರಿಯ ಚೌಕಗಳಾಗಿ ಹಂಚುತ್ತದೆ. ಒಂದು ಡಿಗ್ರಿ ಅಕ್ಷಾಂಶವೆಂದರೆ ಸುಮಾರು 111 ಕಿ.ಮೀ. ಹಾಗಾಗಿ ನಮ್ಮ ಕಡೆ ಒಂದು ಚೌಕದ ಬದಿ ಸುಮಾರು 27–28 ಕಿ.ಮೀ. ಅಷ್ಟು ಜಾಗಕ್ಕೆಲ್ಲ ಸೇರಿ ಮಳೆಯ ಅಂಕಿ ಒಂದೇ.

ಉತ್ತರ ಅಕ್ಷಾಂಶ 13.5, ಪೂರ್ವ ರೇಖಾಂಶ 75.0 ಕೇಂದ್ರವಾಗಿರುವ ಚೌಕದಲ್ಲಿ ಆಗುಂಬೆಯೂ ಇದೆ, ಘಾಟಿಯ ಕೆಳಗಿನ ಹೆಬ್ರಿಯೂ ಇದೆ. ಆಗುಂಬೆ ಸಮುದ್ರಮಟ್ಟದಿಂದ 600 ಮೀಟರಿಗೂ ಎತ್ತರದಲ್ಲಿದೆ, ವರ್ಷಕ್ಕೆ 7,000 ಮಿ.ಮೀ. ಮೀರಿ ಮಳೆ ಕಾಣುವ ಊರು. ಘಾಟಿ ಇಳಿದರೆ ಎತ್ತರವೂ ಬೇರೆ, ಹವೆಯೂ ಬೇರೆ. ದತ್ತಾಂಶಕ್ಕೆ ಮಾತ್ರ ಎರಡೂ ಒಂದೇ ಊರು. ಆ ಅಂಕಿ ಸುಳ್ಳಲ್ಲ, ಅದು ಚೌಕದ ಸರಾಸರಿ. ಅದಕ್ಕೆ ‘ಆಗುಂಬೆಯ ಮಳೆ’ ಎಂದು ಹೆಸರಿಟ್ಟಾಗ ತಪ್ಪು ನಮ್ಮದಾಗುತ್ತದೆ.

ಇನ್ನೊಂದು ತೊಡಕು ರೇಖಾಂಶದ್ದು. ನಕ್ಷೆಗಳಲ್ಲಿ ರೇಖಾಂಶವನ್ನು ಸಾಮಾನ್ಯವಾಗಿ –180ರಿಂದ 180ರವರೆಗೆ ಬರೆಯುತ್ತಾರೆ. ಅನೇಕ ಹವಾಮಾನ ಕಡತಗಳಲ್ಲಿ ಅದು 0ಯಿಂದ 360ರವರೆಗೆ ಇರುತ್ತದೆ. ಭಾರತ ಪೂರ್ವ ಗೋಳಾರ್ಧದಲ್ಲಿರುವುದರಿಂದ ಬೆಂಗಳೂರು ಎರಡರಲ್ಲೂ 77.6; ನಮಗೆ ವ್ಯತ್ಯಾಸವೇ ಕಾಣುವುದಿಲ್ಲ. ಆದರೆ ನಮ್ಮ ಮುಂಗಾರಿನ ಮೇಲೆ ಪ್ರಭಾವ ಬೀರುವ ಎಲ್ ನಿನೊವನ್ನು ಅಳೆಯುವುದು ಪೆಸಿಫಿಕ್‌ನಲ್ಲಿ, ಪಶ್ಚಿಮ ರೇಖಾಂಶ 170ರಿಂದ 120ರ ನಡುವೆ. 0–360 ಕಡತದಲ್ಲಿ ಆ ಜಾಗ 190ರಿಂದ 240. ಅದನ್ನು ತಿಳಿಯದೆ ‘–170ಕ್ಕೆ ಹತ್ತಿರದ ಬಿಂದು ಕೊಡು’ ಎಂದು ಪ್ರೋಗ್ರಾಂ ಬರೆದರೆ ಸಿಗುವುದು 0 ಡಿಗ್ರಿ, ಅಂದರೆ ಆಫ್ರಿಕಾ ಪಕ್ಕದ ಗಿನಿ ಕೊಲ್ಲಿ. ಕಂಪ್ಯೂಟರ್ ಎರರ್ ತೋರಿಸುವುದಿಲ್ಲ. ಬಿಸಿ ಸಮುದ್ರದ ನಂಬುವಂಥ ತಾಪಮಾನವನ್ನೇ ಕೊಡುತ್ತದೆ. ಸಮುದ್ರ ಮಾತ್ರ ಬೇರೆ!

ಸರಾಸರಿ ತೆಗೆಯುವಾಗಲೂ ಎಚ್ಚರ ಬೇಕು. ರೇಖಾಂಶದ ಗೆರೆಗಳು ಧ್ರುವದ ಕಡೆಗೆ ಹತ್ತಿರವಾಗುತ್ತಾ ಹೋಗುತ್ತವೆ. 60 ಡಿಗ್ರಿ ಅಕ್ಷಾಂಶದಲ್ಲಿ ಚೌಕದ ಅಗಲ ಸಮಭಾಜಕ ವೃತ್ತದಲ್ಲಿರುವುದರ ಅರ್ಧ ಮಾತ್ರ. ಎಲ್ಲ ಚೌಕಗಳನ್ನೂ ಸಮನಾಗಿ ಕೂಡಿ ಭಾಗಿಸಿದರೆ, ಶೀತ ಪ್ರದೇಶಕ್ಕೆ ಅದರ ಪಾಲಿಗಿಂತ ಹೆಚ್ಚು ತೂಕ ಕೊಟ್ಟಂತೆ. ಅಕ್ಷಾಂಶದ ಕೊಸೈನ್‌ನಿಂದ ಗುಣಿಸಿ ತೂಕ ಕೊಟ್ಟರೆ ಸರಿಹೋಗುತ್ತದೆ. ಪಿಯುಸಿಯಲ್ಲಿ ಕಲಿತ ತ್ರಿಕೋನಮಿತಿ ಸಾಕು.

‘ಚೌಕ ಚಿಕ್ಕದಾಗುತ್ತಿದೆಯಲ್ಲ, ಇನ್ನೇಕೆ ಚಿಂತೆ?’ ಎಂದು ಕೆಲವರು ಕೇಳಬಹುದು. ನಿಜ, 2025ರಲ್ಲಿ ನಮ್ಮ ದೇಶದ್ದೇ ಆದ ‘ಭಾರತ್ ಫೋರ್‌ಕಾಸ್ಟ್ ಸಿಸ್ಟಮ್’ 6 ಕಿ.ಮೀ. ಚೌಕದೊಂದಿಗೆ ಬಂದಿದೆ. ಸಂತೋಷದ ವಿಷಯವೇ. ಆದರೂ ಅದು 36 ಚದರ ಕಿ.ಮೀ. ಪ್ರದೇಶ, ಒಬ್ಬರ ಹೊಲವಲ್ಲ. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕಗಳನ್ನು ಹಾಕಿರುವುದು ಸುಮ್ಮನೆ ಅಲ್ಲ. ಚೌಕದ ಅಂಕಿಯನ್ನು ನೆಲದ ಅಂಕಿಯ ಪಕ್ಕದಲ್ಲಿಟ್ಟು ನೋಡಲೇಬೇಕು.

ಹಾಗಾಗಿ ಗೆಳೆಯರಲ್ಲಿ ಒಂದು ಮನವಿ. ಹವಾಮಾನದ ಪ್ರಾಜೆಕ್ಟ್ ಮಾಡುವವರು ಮೊದಲ ಸ್ಲೈಡ್‌ನಲ್ಲೇ ಚೌಕ ಎಷ್ಟು ದೊಡ್ಡದು, ರೇಖಾಂಶ ಯಾವ ಕ್ರಮದ್ದು, ಯಾವ ಮಳೆಮಾಪಕದೊಂದಿಗೆ ಹೋಲಿಸಿದ್ದೇವೆ ಎಂದು ಬರೆಯಲಿ. ಅಧ್ಯಾಪಕರು ವೈವಾದಲ್ಲಿ ಅದನ್ನೇ ಮೊದಲು ಕೇಳಲಿ. ಸೌರ ವಿದ್ಯುತ್, ಪವನ ವಿದ್ಯುತ್, ಬೆಳೆ ವಿಮೆ ಕ್ಷೇತ್ರಗಳಲ್ಲಿ ಕೆಲಸ ಹುಡುಕುವವರಿಗೂ ಈ ತಿಳಿವಳಿಕೆ ಉಪಯೋಗಕ್ಕೆ ಬರುತ್ತದೆ. ನಮಗೆ ಅದು ಅಂಕಪಟ್ಟಿಯ ಒಂದು ಸಾಲು ಇರಬಹುದು. ಆ್ಯಪ್ ನಂಬಿ ಬೀಜ ಬಿತ್ತುವ, ಔಷಧಿ ಸಿಂಪಡಿಸುವ ರೈತನಿಗೆ ಮಾತ್ರ ಅದು ಆ ವರ್ಷದ ಬೆಳೆ.